ಎರಡು ಮೋಟಾರು, ಮೂರು ತಂತಿ: ಕಾರಿನ ಸೈಡ್ ಮಿರರ್ ಕೆಟ್ಟಾಗ



ಆಟೋ ಎಲೆಕ್ಟ್ರಿಷಿಯನ್ನರ ಅಂಗಡಿ ಮುಂದೆ ಕಾರು ತಂದು ನಿಲ್ಲಿಸಿದವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: “ಎಡಗಡೆ ಮಿರರ್ ಕೆಲಸ ಮಾಡ್ತಿಲ್ಲ.” ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಇದನ್ನು ಕೇಳಿದ ಕೂಡಲೇ ಸ್ಕ್ರೂಡ್ರೈವರಿಗೆ ಕೈ ಹಾಕುವುದಿಲ್ಲ. “ಪೂರ್ತಿ ನಿಂತುಹೋಗಿದ್ಯಾ ಸಾರ್, ಇಲ್ಲಾ ಒಂದು ದಿಕ್ಕಿಗೆ ಮಾತ್ರ ಹೋಗ್ತಿಲ್ವಾ? ಬಲಗಡೇದು ಸರಿ ಇದ್ಯಾ? ಬಟನ್ ಒತ್ತಿದ್ರೆ ಮಡಚ್ಕೊಳ್ಳುತ್ತಾ?” ಎಂದು ಕೇಳುತ್ತಾನೆ. ಈ ಮೂರು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕರೆ ಸಾಕು, ಬಾಗಿಲಿನ ಒಂದು ಸ್ಕ್ರೂ ಕೂಡ ಬಿಚ್ಚುವ ಮೊದಲೇ ದೋಷ ಎಲ್ಲಿ ಅಡಗಿರಬಹುದು ಎಂಬುದು ಬಹುಪಾಲು ಗೊತ್ತಾಗಿರುತ್ತದೆ.

ಇದಕ್ಕೆ ವಿರುದ್ಧವಾದ ರೂಢಿಯೂ ಇದೆ. ಕನ್ನಡಿ ಅಲುಗಾಡದಿದ್ದರೆ ಇಡೀ ಮಿರರ್ ಸೆಟ್ಟನ್ನೇ ಬದಲಾಯಿಸುವುದು. ಹೊಸ ಸೆಟ್ ಕೂರಿಸಿದ ಮೇಲೂ ಕನ್ನಡಿ ಜಪ್ಪಯ್ಯ ಅನ್ನದಿದ್ದರೆ ಆಗ ಸ್ವಿಚ್ಚಿನ ಮೇಲೆ ಅನುಮಾನ. ಸ್ವಿಚ್ಚೂ ಹೊಸದಾಯಿತು, ಕನ್ನಡಿ ಮಾತ್ರ ಇದ್ದಲ್ಲೇ ಇದೆ. ಕಡೆಗೆ ನೋಡಿದರೆ ಬಾಗಿಲಿನ ಕೀಲಿನ ಹತ್ತಿರ ಒಂದು ತಂತಿ ಒಳಗೊಳಗೇ ತುಂಡಾಗಿರುತ್ತದೆ. ಮಾಲೀಕರ ಹಣ ಹೋಯಿತು, ಸರಿಯಿದ್ದ ಮೋಟಾರು ಗುಜರಿಗೆ ಸೇರಿತು. ಅಳತೆ ಮಾಡದೆ ಬಿಡಿಭಾಗ ಬದಲಾಯಿಸುವ ಈ ಅಭ್ಯಾಸ ತಪ್ಪಬೇಕು. ದೋಷವನ್ನು ತರ್ಕದಿಂದ, ಮೀಟರಿನಿಂದ ಹುಡುಕಬೇಕು. ಸೈಡ್ ಮಿರರಿನ ಸರ್ಕ್ಯೂಟ್ ಚಿಕ್ಕದು. ಹಾಗಾಗಿ ಆ ಹುಡುಕಾಟದ ದಾರಿಯನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಕಾರಿನಲ್ಲಿ ಬೇರೆ ಸಿಗುವುದು ಕಷ್ಟ.

ಹಿಂದೆ ನೋಡಲು ಕನ್ನಡಿ ಬೇಕು ಎಂಬ ತಿಳಿವಳಿಕೆ ಹೆಚ್ಚುಕಡಿಮೆ ಮೋಟಾರು ವಾಹನದಷ್ಟೇ ಹಳೆಯದು. ಬ್ರಿಟನ್ನಿನ ಕಾರು ಓಟಗಾರ್ತಿ ಡೊರೊಥಿ ಲೆವಿಟ್ 1909ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ, ಕಾರು ಓಡಿಸುವ ಹೆಂಗಸರು ಒಂದು ಕೈಗನ್ನಡಿಯನ್ನು ಹತ್ತಿರವೇ ಇಟ್ಟುಕೊಳ್ಳಬೇಕು, ಹಿಂದಿನಿಂದ ಬರುವ ವಾಹನವನ್ನು ಅದರಲ್ಲಿ ನೋಡಿಕೊಳ್ಳಬಹುದು ಎಂದು ಸಲಹೆ ಕೊಟ್ಟಿದ್ದರು. 1911ರ ಮೇ 30ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ನಡೆದ ಮೊದಲ 500 ಮೈಲಿ ಓಟವನ್ನು ರೇ ಹ್ಯಾರೂನ್ ಗೆದ್ದದ್ದು ಕನ್ನಡಿ ಕಟ್ಟಿಕೊಂಡಿದ್ದ ಮಾರ್ಮನ್ ವಾಸ್ಪ್ ಕಾರಿನಲ್ಲಿ. ಉಳಿದ ಸ್ಪರ್ಧಿಗಳ ಪಕ್ಕದಲ್ಲಿ ಹಿಂದೆ ನೋಡಿ ಹೇಳಲು ಒಬ್ಬ ಮೆಕ್ಯಾನಿಕ್ ಕೂತಿರುತ್ತಿದ್ದ. ಹ್ಯಾರೂನ್ ಒಬ್ಬರೇ ಇದ್ದರು. ಆದರೆ ಇಟ್ಟಿಗೆ ಹಾಸಿದ ಆ ದಾರಿಯಲ್ಲಿ ಕನ್ನಡಿ ಎಷ್ಟು ನಡುಗುತ್ತಿತ್ತೆಂದರೆ ಅದರಲ್ಲಿ ಏನೂ ಕಾಣಿಸುತ್ತಿರಲಿಲ್ಲ ಎಂದು ಅವರೇ ಮುಂದೆ ಹೇಳಿದ್ದುಂಟು. ನಡುಗುವಿಕೆ, ನೀರು, ಬಿಸಿಲು, ಧೂಳು ಈ ನಾಲ್ಕೂ ಇಂದಿಗೂ ಕಾರಿನ ಹೊರಗಿರುವ ಈ ಕನ್ನಡಿಯ ಶತ್ರುಗಳೇ.

ವಿದ್ಯುತ್ತಿನಿಂದ ಅದನ್ನು ತಿರುಗಿಸುವ ಅಗತ್ಯ ಏಕೆ ಬಂತು ಎಂಬುದಕ್ಕೆ ಉತ್ತರ ಸುಲಭ. ಸ್ಟಿಯರಿಂಗ್ ಹಿಡಿದವರ ಕೈ ಬಲಗಡೆಯ ಕನ್ನಡಿಗೆ ಎಟುಕುತ್ತದೆ, ಎಡಗಡೆಯದಕ್ಕೆ ಎಟುಕುವುದಿಲ್ಲ. ನಮ್ಮಲ್ಲಿ ಎಡಗಡೆಯಿಂದ ಸ್ಕೂಟರು, ಸೈಕಲ್ಲು, ಆಟೋ ನುಗ್ಗುವುದು ನಿತ್ಯದ ಮಾತು. ಅಗ್ಗದ ಕಾರುಗಳು ಬಹುಕಾಲ ಎಡಗಡೆ ಕನ್ನಡಿಯೇ ಇಲ್ಲದೆ ಮಾರಾಟವಾಗುತ್ತಿದ್ದ ದೇಶ ಇದು. ಇವತ್ತು ಶಿರಾಡಿ ಘಾಟಿಯಲ್ಲೋ ಚಾರ್ಮಾಡಿ ಘಾಟಿಯಲ್ಲೋ ಮಂಜು, ಮಳೆಯ ನಡುವೆ ಕಾರು ಇಳಿಸುವವರಿಗೆ ಎಡಗಡೆ ಕನ್ನಡಿ ನೆಲವನ್ನೋ ಆಕಾಶವನ್ನೋ ತೋರಿಸುತ್ತಿದ್ದರೆ ಅದು ಇಲ್ಲದಿದ್ದ ಹಾಗೆಯೇ.

ಇನ್ನು ಅದರ ಒಳಗೇನಿದೆ ನೋಡೋಣ.

ಗಾಜಿನ ಬೆನ್ನಿಗೆ ಎರಡು ಪುಟ್ಟ ಡಿ.ಸಿ. ಮೋಟಾರುಗಳಿರುತ್ತವೆ. ಒಂದು ಗಾಜನ್ನು ಮೇಲಕ್ಕೂ ಕೆಳಕ್ಕೂ ಬಾಗಿಸುತ್ತದೆ, ಇನ್ನೊಂದು ಎಡಕ್ಕೂ ಬಲಕ್ಕೂ. ಒಂದೇ ಮೋಟಾರು ಎರಡು ದಿಕ್ಕಿಗೆ ತಿರುಗುವುದು ಹೇಗೆಂದರೆ, ಪ್ಲಸ್ ಮತ್ತು ಮೈನಸ್ ಅದಲುಬದಲಾದಾಗ ಅದು ತಿರುಗುಮುರುಗಾಗಿ ಓಡುತ್ತದೆ. ಎರಡು ಮೋಟಾರಿಗೆ ನಾಲ್ಕು ತಂತಿ ಬೇಕಿತ್ತಲ್ಲ? ಹೆಚ್ಚಿನ ಕಾರುಗಳಲ್ಲಿ ಮೂರರಲ್ಲೇ ಕೆಲಸ ಮುಗಿಸಿರುತ್ತಾರೆ. ಒಂದು ತಂತಿ ಮೇಲೆ-ಕೆಳಗಿನ ಮೋಟಾರಿಗೆ, ಒಂದು ಎಡ-ಬಲದ ಮೋಟಾರಿಗೆ, ಮೂರನೆಯದು ಎರಡಕ್ಕೂ ಸೇರಿದ ಕಾಮನ್ ತಂತಿ. ಮೇಲಕ್ಕೆ ಎಂದು ಒತ್ತಿದಾಗ ಸ್ವಿಚ್ಚು ಮೊದಲನೆಯ ತಂತಿಗೆ ಪ್ಲಸ್, ಕಾಮನ್‌ಗೆ ಅರ್ತ್, ಅಂದರೆ ಮೈನಸ್, ಕೊಡುತ್ತದೆ. ಕೆಳಕ್ಕೆ ಎಂದಾಗ ಕಾಮನ್‌ಗೆ ಪ್ಲಸ್, ಮೊದಲನೆಯದಕ್ಕೆ ಅರ್ತ್. ಎಡ-ಬಲಕ್ಕೂ ಇದೇ ಕ್ರಮ. ಯಾವ ಬಾಗಿಲಿನ ಕನ್ನಡಿ ಎಂಬುದನ್ನು ಎಲ್, ಆರ್ ಎಂದು ಗುರುತಿರುವ ಸೆಲೆಕ್ಟರ್ ಗುಂಡಿ ತೀರ್ಮಾನಿಸುತ್ತದೆ. ಗಾಜು ಕೊನೆ ಮುಟ್ಟಿದ ಮೇಲೂ ಬಟನ್ ಒತ್ತಿಹಿಡಿದರೆ ಕಟಕಟ ಸದ್ದು ಬರುತ್ತದಲ್ಲ, ಅದು ಮೋಟಾರು ಸುಡದಂತೆ ಗೇರನ್ನು ಜಾರಿಸುವ ಕ್ಲಚ್ಚಿನ ಸದ್ದು. ಆ ಸದ್ದು ಕೇಳಿಸಿತೆಂದರೆ ವಿದ್ಯುತ್ತು ಅಲ್ಲಿಯವರೆಗೆ ತಲುಪುತ್ತಿದೆ, ಮೋಟಾರಿಗೆ ಜೀವವಿದೆ ಎಂದು ತಿಳಿಯಬೇಕು.

ಈ ಮೂರು ತಂತಿಗಳ ಲೆಕ್ಕ ಮನಸ್ಸಿನಲ್ಲಿದ್ದರೆ ಲಕ್ಷಣವೇ ದೋಷದ ವಿಳಾಸ ಹೇಳುತ್ತದೆ.

ಕನ್ನಡಿ ಮೇಲಕ್ಕೆ ಹೋಗುತ್ತದೆ, ಕೆಳಕ್ಕೆ ಬರುವುದಿಲ್ಲ ಎಂದುಕೊಳ್ಳಿ. ಹೆಚ್ಚಿನವರು ಮೋಟಾರು ಕೆಟ್ಟಿದೆ ಎನ್ನುತ್ತಾರೆ. ಆದರೆ ಮೇಲಕ್ಕೆ ಹೋಗಲು ಬೇಕಾದ ಮೋಟಾರೂ ಅದೇ, ತಂತಿಗಳೂ ಅವೇ. ಒಂದು ದಿಕ್ಕಿಗೆ ಓಡಿದ ಮೋಟಾರು ಇನ್ನೊಂದು ದಿಕ್ಕಿಗೂ ಓಡಲೇಬೇಕು. ಹಾಗಾದರೆ ದೋಷ ಇರಬೇಕಾದದ್ದು ಪ್ಲಸ್-ಮೈನಸ್ ಅದಲುಬದಲು ಮಾಡುವ ಜಾಗದಲ್ಲಿ, ಅಂದರೆ ಸ್ವಿಚ್ಚಿನೊಳಗಿನ ಸವೆದ ಸಂಪರ್ಕದಲ್ಲಿ. ಗಾಜಿನ ಅಂಚಿಗೆ ಏನಾದರೂ ಸಿಕ್ಕಿಕೊಂಡಿದೆಯೇ, ಗೇರಿನ ಹಲ್ಲು ಮುರಿದಿದೆಯೇ ಎಂದು ಕಣ್ಣಾಡಿಸಿ, ಅದಿಲ್ಲವಾದರೆ ನೇರವಾಗಿ ಸ್ವಿಚ್ಚಿನ ಕಡೆ ನಡೆಯಬಹುದು.

ಎಡ-ಬಲ ಸರಿ ಇದೆ, ಮೇಲೆ-ಕೆಳಗೆ ಎರಡೂ ಇಲ್ಲ ಎಂದಾದರೆ ಕಾಮನ್ ತಂತಿ ಸರಿ ಇದೆ ಎಂದರ್ಥ. ಅದಿಲ್ಲದೆ ಎಡ-ಬಲವೂ ನಡೆಯುತ್ತಿರಲಿಲ್ಲ. ಉಳಿದ ಅನುಮಾನಗಳು ಮೂರೇ: ಮೇಲೆ-ಕೆಳಗಿನ ಮೋಟಾರು, ಅದಕ್ಕೆ ಹೋಗುವ ಒಂದು ತಂತಿ, ಸ್ವಿಚ್ಚಿನಲ್ಲಿ ಆ ತಂತಿ ಕೂರುವ ಪಿನ್ನು. ಒಂದು ಬದಿಯ ಕನ್ನಡಿ ನಾಲ್ಕೂ ದಿಕ್ಕಿಗೆ ಸತ್ತಿದ್ದು, ಮಡಚಿಕೊಳ್ಳುವುದು ಮಾತ್ರ ನಡೆಯುತ್ತಿದ್ದರೆ ಕಾಮನ್ ತಂತಿಯ ಮೇಲೋ ಸೆಲೆಕ್ಟರಿನ ಮೇಲೋ ಅನುಮಾನ. ಎರಡು ಮೋಟಾರುಗಳು ಒಟ್ಟಿಗೇ ಸುಡುವುದು ಬಹಳ ಅಪರೂಪ. ಕೆಲವು ಕಾರುಗಳಲ್ಲಿ ಒತ್ತಿದ್ದು ಮೇಲಕ್ಕೆ, ಗಾಜು ನಿಧಾನವಾಗಿ ಓರೆಯಾಗಿ ಜರುಗುವುದೂ ಉಂಟು. ಕಾಮನ್ ತುಂಡಾಗಿ, ವಿದ್ಯುತ್ತು ಬೇರೆ ದಾರಿಯಿಲ್ಲದೆ ಎರಡೂ ಮೋಟಾರುಗಳ ಮೂಲಕ ಒಂದರ ಹಿಂದೊಂದು ಹರಿದಾಗ ಹೀಗಾಗುತ್ತದೆ. ಎರಡಕ್ಕೂ ಅರೆಹೊಟ್ಟೆ, ಎರಡೂ ಅರೆಬರೆ ತಿರುಗುತ್ತವೆ. ಈ ವಿಚಿತ್ರ ನಡೆ ಕಂಡರೆ ಕಾಮನ್ ತಂತಿಯನ್ನೇ ಮೊದಲು ನೋಡಬೇಕು.

ಎರಡೂ ಕನ್ನಡಿ ಒಟ್ಟಿಗೇ ನಿಂತಿದ್ದರೆ ಬಾಗಿಲ ಕಡೆ ಹೋಗುವುದೇ ಬೇಡ. ಮೊದಲು ಕೀಲಿ ಆಕ್ಸೆಸರಿ ಅಥವಾ ಆನ್ ಸ್ಥಾನದಲ್ಲಿದೆಯೇ, ಸೆಲೆಕ್ಟರ್ ಗುಂಡಿ ನಡುವೆ ನಿಂತಿದೆಯೇ ಎಂದು ನೋಡಬೇಕು. ಗುಂಡಿ ನಡುವೆ ಇದ್ದರೆ ಯಾವ ಕನ್ನಡಿಯೂ ಅಲುಗದಂತೆ ಮಾಡಿರುತ್ತಾರೆ. ಕಾರು ತೊಳೆಸಿದಾಗ ಬಟ್ಟೆ ತಾಗಿ ಅದು ನಡುವಿಗೆ ಬಂದದ್ದೇ ಎಷ್ಟೋ ಸಲ ದೂರಿಗೆ ಕಾರಣ. ಆಮೇಲೆ ಫ್ಯೂಸ್. ಹಲವು ಕಾರುಗಳಲ್ಲಿ ಮಿರರ್ ಸ್ವಿಚ್ಚಿಗೂ ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ಟಿಗೂ ಅಥವಾ ಆಡಿಯೋಗೂ ಒಂದೇ ಫ್ಯೂಸ್ ಇರುತ್ತದೆ. ಸಾಕೆಟ್ಟಿನೊಳಗೆ ಒಂದು ನಾಣ್ಯ ಬಿದ್ದು ಶಾರ್ಟ್ ಆದರೆ, ಕೆಟ್ಟ ಚಾರ್ಜರ್ ಸಿಕ್ಕಿಸಿದರೆ, ಕನ್ನಡಿಯೂ ಜೊತೆಗೇ ನಿಲ್ಲುತ್ತದೆ. ಕನ್ನಡಿಯ ಜೊತೆಗೆ ಬೇರೇನು ಕೆಟ್ಟಿದೆ ಎಂದು ಕೇಳುವುದು ಆದ್ದರಿಂದಲೇ ಮುಖ್ಯ. ಬ್ಲೇಡ್ ಫ್ಯೂಸುಗಳಿಗೆ ಬಣ್ಣದ ಗುರುತಿದೆ: 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಕೆಂಪು ಸುಟ್ಟಿತೆಂದು ಅಲ್ಲಿಗೆ ಹಸಿರು ಹಾಕಿದರೆ ಮುಂದಿನ ಸಲ ಫ್ಯೂಸಿನ ಬದಲು ತಂತಿಯೇ ಸುಡುತ್ತದೆ. ಹೊಸ ಫ್ಯೂಸೂ ತಕ್ಷಣ ಹೋದರೆ, ಮತ್ತೊಂದು ಹಾಕದೆ ಶಾರ್ಟ್ ಎಲ್ಲಿದೆ ಎಂದು ಹುಡುಕಬೇಕು.

ತರ್ಕ ಇಲ್ಲಿಯವರೆಗೆ ಕರೆದುಕೊಂಡು ಬರುತ್ತದೆ. ಇಲ್ಲಿಂದ ಮುಂದೆ ಅಳತೆ.

ಮಲ್ಟಿಮೀಟರ್ ಈಗ ಹೆಚ್ಚಿನ ಅಂಗಡಿಗಳಲ್ಲಿ ಇದೆ. ಮಿರರಿನ ಕಪ್ಲರ್, ಅಂದರೆ ತಂತಿಗಳನ್ನು ಕೂಡಿಸುವ ಪ್ಲಗ್, ಹಲವು ಕಾರುಗಳಲ್ಲಿ ಬಾಗಿಲಿನ ಮುಂದಿನ ಮೂಲೆಯ ತ್ರಿಕೋನಾಕಾರದ ಪ್ಲಾಸ್ಟಿಕ್ ಮುಚ್ಚಳದ ಹಿಂದೆಯೇ ಸಿಗುತ್ತದೆ, ಉಳಿದವುಗಳಲ್ಲಿ ಬಾಗಿಲಿನ ಒಳಹೊದಿಕೆಯಾದ ಡೋರ್ ಪ್ಯಾಡ್ ಬಿಚ್ಚಬೇಕಾಗುತ್ತದೆ. ಕಪ್ಲರನ್ನು ಕಳಚದೆ, ಹಿಂಬದಿಯಿಂದ ತಂತಿಯ ಪಕ್ಕದಲ್ಲಿ ಸಣ್ಣ ಪಿನ್ ತೂರಿಸಿ ಮೀಟರಿನ ಎರಡು ಕಡ್ಡಿಗಳನ್ನು ಮೇಲೆ-ಕೆಳಗಿನ ತಂತಿಗೂ ಕಾಮನ್‌ಗೂ ತಾಗಿಸಬೇಕು. ತಂತಿಯ ಹೊದಿಕೆಗೆ ಸೂಜಿ ಚುಚ್ಚಿ ನೋಡುವ ಪದ್ಧತಿ ಕೆಟ್ಟದ್ದು. ಆ ತೂತಿನಿಂದ ನೀರು ಇಳಿದು ಕೆಲವೇ ತಿಂಗಳಲ್ಲಿ ಒಳಗಿನ ತಾಮ್ರ ಕಿಲುಬು ಹಿಡಿಯುತ್ತದೆ. ಈಗ ಒಬ್ಬರು ಸ್ವಿಚ್ಚನ್ನು ಮೇಲಕ್ಕೆ ಒತ್ತಿದರೆ ಮೀಟರ್ ಸುಮಾರು 12 ವೋಲ್ಟ್ ತೋರಿಸಬೇಕು, ಕೆಳಕ್ಕೆ ಒತ್ತಿದರೆ ಅದೇ 12ರ ಎಡಕ್ಕೆ ಮೈನಸ್ ಗುರುತು ಮೂಡಬೇಕು. ಎರಡೂ ಸರಿಯಾಗಿ ಬಂದು ಗಾಜು ಮಾತ್ರ ಅಲುಗದಿದ್ದರೆ ಮೋಟಾರು ಅಥವಾ ಗೇರು ಕೆಟ್ಟಿದೆ. ಬರದಿದ್ದರೆ ದೋಷ ಕಪ್ಲರಿನಿಂದ ಸ್ವಿಚ್ಚಿನ ಕಡೆಗಿದೆ. ಒಂದೇ ಅಳತೆಯಲ್ಲಿ ಇಡೀ ಸರ್ಕ್ಯೂಟ್ ಎರಡು ಪಾಲಾಗಿ, ಒಂದು ಪಾಲು ನಿರ್ದೋಷಿ ಎಂದು ಖಚಿತವಾಗುತ್ತದೆ. ಉಳಿದ ಪಾಲನ್ನು ಮತ್ತೆ ನಡುವಿನಲ್ಲಿ ಅಳೆದರೆ ಅದೂ ಅರ್ಧವಾಗುತ್ತದೆ.

ಆದರೆ ಮೀಟರು ದಾರಿ ತಪ್ಪಿಸುವ ಒಂದು ಸಂದರ್ಭವಿದೆ. ಅದನ್ನು ತಿಳಿಯದವರು ಗಂಟೆಗಟ್ಟಲೆ ಕಳೆದುಕೊಳ್ಳುತ್ತಾರೆ. ಮಿರರಿನ ಕಪ್ಲರ್ ಕಳಚಿ ಖಾಲಿ ಪಿನ್ನುಗಳಲ್ಲಿ ಅಳೆದಾಗ ಪೂರಾ 12 ವೋಲ್ಟ್ ಕಾಣಿಸುತ್ತದೆ, ಕಪ್ಲರ್ ಹಾಕಿದರೆ ಮೋಟಾರು ಓಡುವುದಿಲ್ಲ. ಮೋಟಾರೇ ಕೆಟ್ಟಿದೆ ಎಂದು ಬದಲಾಯಿಸಿದರೆ ಹೊಸದೂ ಓಡುವುದಿಲ್ಲ. ನಡೆದದ್ದೇನು? ಡಿಜಿಟಲ್ ಮೀಟರಿನ ಒಳ ರೋಧ ಸಾಮಾನ್ಯವಾಗಿ 10 ಮೆಗಾಓಮ್. 12 ವೋಲ್ಟಿನಲ್ಲಿ ಅದು ಎಳೆಯುವ ಕರೆಂಟು ಆಂಪಿಯರಿನ ಹತ್ತು ಲಕ್ಷದ ಒಂದು ಪಾಲಿಗಿಂತ ಕೊಂಚ ಹೆಚ್ಚು, ಅಷ್ಟೇ. ತಂತಿಯ ಎಳೆಗಳೆಲ್ಲ ತುಂಡಾಗಿ ಅವುಗಳ ಕಿಲುಬು ಹಿಡಿದ ತುದಿಗಳು ಬರೀ ತಾಗಿಕೊಂಡಿದ್ದರೂ ಆ ಕರೆಂಟಿಗೆ ದಾರಿ ಸಾಕು. ಕಸ ಕಟ್ಟಿಕೊಂಡ ನಲ್ಲಿಯಲ್ಲಿ ನೀರಿನ ಒತ್ತಡ ಪೂರ್ತಿ ಇದ್ದರೂ ಬಿಂದಿಗೆ ತುಂಬದಿರುವ ಹಾಗೆ, ಇಲ್ಲಿ ವೋಲ್ಟು ಇದೆ, ಹರಿವು ಇಲ್ಲ.

ಇಂಥ ಕಡೆ ಹಳೆಯ ಕಾಲದ ಟೆಸ್ಟ್ ಲ್ಯಾಂಪೇ ನಂಬಿಕಸ್ಥ. 5 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ 0.4 ಆಂಪಿಯರಿನಷ್ಟು ಕರೆಂಟು ಕೇಳುತ್ತದೆ. ತಂತಿ ಗಟ್ಟಿಯಾಗಿದ್ದರೆ ಬಲ್ಬು ಪ್ರಕಾಶವಾಗಿ ಉರಿಯುತ್ತದೆ, ಎಳೆಗಳು ಹರಿದಿದ್ದರೆ ಮಂಕಾಗುತ್ತದೆ ಅಥವಾ ಹೊತ್ತಿಕೊಳ್ಳುವುದೇ ಇಲ್ಲ. ಇನ್ನೂ ನಿಖರವಾಗಿ ತಿಳಿಯಬೇಕಾದರೆ ವೋಲ್ಟೇಜ್ ಡ್ರಾಪ್ ಪರೀಕ್ಷೆ ಮಾಡಬೇಕು. ಮೋಟಾರು ಓಡಲು ಯತ್ನಿಸುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಅರ್ತ್ ತಂತಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್‌ಗೂ ಹಿಡಿದರೆ, ಕಾಣುವ ಅಂಕಿ 0.1 ಅಥವಾ 0.2 ವೋಲ್ಟಿನ ಒಳಗಿರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ಕಂಡರೆ ಅರ್ತ್ ದಾರಿಯಲ್ಲಿ ಎಲ್ಲೋ ರೋಧ ಸೇರಿದೆ ಎಂದರ್ಥ, ಹೆಚ್ಚಾಗಿ ಅದು ಬಾಡಿ ಅರ್ತ್ ಬೋಲ್ಟಿನಡಿ ಕೂತ ತುಕ್ಕು.

ಕನ್ನಡಿಯ ಹಿಂದೆ ಮಂಜು ಒರೆಸುವ ಹೀಟರ್ ಇರುವ ಕಾರುಗಳಲ್ಲಿ ಈ ಲೆಕ್ಕ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹೀಟರಿನ ರೋಧ 10 ಓಮ್ ಎಂದಿಟ್ಟುಕೊಳ್ಳೋಣ. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ 12 ವೋಲ್ಟಿಗೆ 1.2 ಆಂಪಿಯರ್ ಹರಿದು 14.4 ವ್ಯಾಟ್ ಶಾಖ ಬರುತ್ತದೆ. ದಾರಿಯಲ್ಲಿ ಕಿಲುಬು ಹಿಡಿದ ಒಂದು ಕಪ್ಲರ್ 5 ಓಮ್ ರೋಧ ಸೇರಿಸಿತು ಎನ್ನಿ. ಒಟ್ಟು 15 ಓಮ್, ಕರೆಂಟು 0.8ಕ್ಕೆ ಇಳಿಯಿತು, ಹೀಟರಿಗೆ ಸಿಕ್ಕಿದ್ದು 8 ವೋಲ್ಟ್ ಮಾತ್ರ. ಶಾಖ 6.4 ವ್ಯಾಟ್, ಅಂದರೆ ಅರ್ಧಕ್ಕಿಂತಲೂ ಕಡಿಮೆ. ಉಳಿದ 4 ವೋಲ್ಟ್ ಎಲ್ಲಿ ಹೋಯಿತು? ಆ ಕಪ್ಲರಿನಲ್ಲೇ 3 ವ್ಯಾಟಿಗೂ ಮೀರಿದ ಶಾಖವಾಗಿ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತಿದೆ. ಹೀಟರ್ ಕೆಟ್ಟಿಲ್ಲ, ಫ್ಯೂಸ್ ಸುಟ್ಟಿಲ್ಲ, ಆದರೂ ಮಂಜು ಹೋಗುತ್ತಿಲ್ಲ ಎಂಬ ದೂರಿನ ಹಿಂದೆ ಇಂಥ ಕಪ್ಲರ್ ಇರುವ ಸಾಧ್ಯತೆ ದೊಡ್ಡದು.

ಹಾಗಾದರೆ ತಂತಿ ತುಂಡಾಗುವುದು ಹೆಚ್ಚಾಗಿ ಎಲ್ಲಿ? ಬಾಗಿಲಿನ ಕೀಲಿನ ಬಳಿ, ಕಾರಿನ ಮೈಯಿಂದ ಬಾಗಿಲಿಗೆ ತಂತಿಗಳನ್ನು ದಾಟಿಸುವ ಕಪ್ಪು ರಬ್ಬರ್ ಕೊಳವೆಯೊಳಗೆ. ಬಾಗಿಲು ತೆಗೆದಾಗಲೆಲ್ಲ ಆ ತಂತಿಗಳು ಚಾಚುತ್ತವೆ, ಮುಚ್ಚಿದಾಗ ಮಡಚುತ್ತವೆ. ದಿನಕ್ಕೆ ಹತ್ತು ಸಲ ತೆರೆಯುವ ಬಾಗಿಲು ವರ್ಷಕ್ಕೆ 3,650 ಸಲ ಅವನ್ನು ಬಗ್ಗಿಸಿರುತ್ತದೆ. ಟ್ಯಾಕ್ಸಿಯಾದರೆ ಇದರ ಹಲವು ಪಟ್ಟು. ಹೊದಿಕೆ ಹಾಗೆಯೇ ಇದ್ದು ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಹರಿಯುತ್ತವೆ. ಬಾಗಿಲು ತೆರೆದಿದ್ದಾಗ ಕನ್ನಡಿ ಓಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ, ಅಥವಾ ಕಿಟಕಿ ಗಾಜು, ಸೆಂಟ್ರಲ್ ಲಾಕ್, ಸ್ಪೀಕರ್ ಇವುಗಳಲ್ಲೊಂದು ಕನ್ನಡಿಯ ಜೊತೆಗೇ ಮುನಿಸಿಕೊಳ್ಳುತ್ತದೆ ಎಂದರೆ ಅನುಮಾನ ಇಲ್ಲಿಗೇ ಬರಬೇಕು. ತಂತಿಯ ಎರಡೂ ತುದಿಗಳ ಕಪ್ಲರ್ ಕಳಚಿ, ಮೀಟರನ್ನು ಬೀಪ್ ಸದ್ದಿಗೆ ಇಟ್ಟು, ಬಾಗಿಲನ್ನು ನಿಧಾನವಾಗಿ ತೆರೆಯುತ್ತ ಮುಚ್ಚುತ್ತ ಹೋಗಬೇಕು, ನಡುವೆ ಸದ್ದು ಕಡಿದರೆ ಆ ತಂತಿಯಲ್ಲೇ ದೋಷ. ರಬ್ಬರ್ ಕೊಳವೆ ಸರಿಸಿ ಆ ತಂತಿಯನ್ನು ಮೆಲ್ಲಗೆ ಎಳೆದರೆ ಒಳಗೆ ತಾಮ್ರ ಹರಿದ ಕಡೆ ಹೊದಿಕೆ ಹಿಗ್ಗುತ್ತದೆ, ಬೆರಳಿಗೇ ಗೊತ್ತಾಗುತ್ತದೆ.

ಕರಾವಳಿಯ ಕಾರುಗಳಿಗೆ ಇನ್ನೊಂದು ಕಾಟ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಸೇರಿದರೆ ಕಪ್ಲರಿನ ಪಿನ್ನುಗಳಲ್ಲಿ ಹಸಿರು ಕಿಲುಬು ಬೇಗನೆ ಮೂಡುತ್ತದೆ. ಬಾಗಿಲಿನೊಳಗೆ ಮಳೆನೀರು ಇಳಿಯುವುದು ಸಹಜ, ಕಿಟಕಿ ಗಾಜಿನ ಪಕ್ಕದಿಂದ ಇಳಿದ ನೀರು ಬಾಗಿಲಿನ ತಳದ ತೂತುಗಳಿಂದ ಹೊರಹೋಗುವಂತೆ ತಯಾರಕರೇ ದಾರಿ ಮಾಡಿರುತ್ತಾರೆ. ಆ ತೂತುಗಳಲ್ಲಿ ಮಣ್ಣು, ಎಲೆ ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಡೋರ್ ಪ್ಯಾಡಿನ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ರಿಪೇರಿಯ ಹೊತ್ತಿನಲ್ಲಿ ಹರಿದು ಹಾಗೇ ಬಿಟ್ಟರೆ ಆ ತೇವ ನೇರವಾಗಿ ಸ್ವಿಚ್ಚುಗಳ ಮೇಲೆ ಬರುತ್ತದೆ. ಬಯಲುಸೀಮೆಯಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಮಳೆಯ ಬದಲು ಇಲಿ. ನಿಂತ ಕಾರಿನ ವೈರಿಂಗನ್ನು ಅದು ಎಲ್ಲಿ ಬೇಕಾದರೂ ಕಡಿದಿರಬಹುದು. ಡ್ಯಾಶ್‌ಬೋರ್ಡಿನ ಅಡಿ ಟಾರ್ಚು ಬಿಟ್ಟು ಹಿಕ್ಕೆ, ಹೊದಿಕೆಯ ಚೂರು ಇದೆಯೇ ಎಂದು ನೋಡುವುದೂ ಪರೀಕ್ಷೆಯ ಭಾಗವೇ.

ತುಂಡಾದ ತಂತಿ ಸಿಕ್ಕ ಮೇಲೆ ಅದನ್ನು ಜೋಡಿಸುವ ಬಗೆ ಮುಖ್ಯ. ಎರಡು ತುದಿ ಹೊಸೆದು ಮೇಲೆ ಟೇಪು ಸುತ್ತಿದ ಜೋಡಣೆ ಬಾಗಿಲಿನೊಳಗೆ ಒಂದು ಬೇಸಿಗೆ ದಾಟುವುದಿಲ್ಲ, ಅಂಟು ಕರಗಿ ಟೇಪು ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ಕೊಳವೆ ತೊಡಿಸುವುದು ಒಳ್ಳೆಯದು. ಆದರೆ ಬೆಸುಗೆ ಹಾಕಿದ ಜಾಗ ಗಡುಸಾಗುತ್ತದೆ, ಬಗ್ಗುವ ಜಾಗದಲ್ಲೇ ಬೆಸುಗೆ ಬಂದರೆ ಅದರ ಅಂಚಿನಲ್ಲಿ ತಂತಿ ಮತ್ತೆ ಮುರಿಯುತ್ತದೆ. ಅದಕ್ಕೇ ಅನುಭವಸ್ಥರು ರಬ್ಬರ್ ಕೊಳವೆಯ ಎರಡೂ ಬದಿಗೆ ಸಾಕಷ್ಟು ದೂರದಲ್ಲಿ ಹೊಸ ತಂತಿಯ ತುಂಡು ಸೇರಿಸಿ, ಬಗ್ಗುವ ಭಾಗದಲ್ಲಿ ಜೋಡಣೆಯೇ ಬಾರದಂತೆ ನೋಡಿಕೊಳ್ಳುತ್ತಾರೆ. ಹೆಚ್ಚು ಎಳೆಗಳಿರುವ, ಚೆನ್ನಾಗಿ ಬಾಗುವ ಆಟೋಮೊಬೈಲ್ ತಂತಿಯನ್ನೇ ಬಳಸುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಅಂಥ ತಂತಿ, ಕಪ್ಲರ್, ಪಿನ್ನು ಎಲ್ಲವೂ ಬಿಡಿಯಾಗಿ ಸಿಗುತ್ತವೆ. ಒಂದು ಪಿನ್ನಿಗಾಗಿ ಇಡೀ ವೈರಿಂಗ್ ಬದಲಾಯಿಸುವ ಅಗತ್ಯವಿಲ್ಲ.

ಮಡಚಿಕೊಳ್ಳುವ ಕನ್ನಡಿಯ ಮೋಟಾರು ಬೇರೆಯೇ. ಅದಕ್ಕೆ ಎರಡು ತಂತಿ, ಅಲ್ಲೂ ಪ್ಲಸ್-ಮೈನಸ್ ಅದಲುಬದಲಿನದೇ ಆಟ. ಯಾರೋ ದಾರಿಹೋಕರು ತಾಗಿಯೋ, ಮಾಲೀಕರೇ ಕೈಯಿಂದ ತಳ್ಳಿಯೋ ಕನ್ನಡಿ ಮಡಚಿದರೆ ಒಳಗಿನ ಹಲ್ಲುಗಳು ಜಾಗ ತಪ್ಪಿ, ಗಾಳಿಗೆ ಅಲುಗುವಷ್ಟು ಸಡಿಲವಾಗುತ್ತದೆ. ಹಲವು ಕಾರುಗಳಲ್ಲಿ ಬಟನ್ ಒತ್ತಿ ಒಮ್ಮೆ ಪೂರ್ತಿ ಮಡಚಿ ಬಿಡಿಸಿದರೆ ಟಕ್ ಎಂಬ ಸದ್ದಿನೊಂದಿಗೆ ಅದು ಮತ್ತೆ ತನ್ನ ಜಾಗದಲ್ಲಿ ಕೂರುತ್ತದೆ. ಇದನ್ನು ವಿದ್ಯುತ್ ದೋಷವೆಂದು ತಿಳಿದು ಬಿಚ್ಚಲು ಹೋಗಬಾರದು.

ಈಚಿನ ಕಾರುಗಳಲ್ಲಿ ಚಿತ್ರ ಬದಲಾಗಿದೆ. ಸ್ವಿಚ್ಚಿನಿಂದ ಮೋಟಾರಿಗೆ ನೇರ ತಂತಿ ಇಲ್ಲ. ಸ್ವಿಚ್ಚು ಒಂದು ಕಂಪ್ಯೂಟರ್ ಘಟಕಕ್ಕೆ ಸಂದೇಶ ಕೊಡುತ್ತದೆ, ಅದು ಬಾಗಿಲಿನ ಘಟಕಕ್ಕೆ ಹೇಳುತ್ತದೆ, ಬಾಗಿಲಿನ ಘಟಕ ಮೋಟಾರನ್ನು ಓಡಿಸುತ್ತದೆ. ಈ ಘಟಕಗಳು ಮಾತಾಡುವ ಕ್ಯಾನ್ ಜಾಲವನ್ನು ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ರೂಪಿಸಲು ಆರಂಭಿಸಿ 1986ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲೋಕದ ಮುಂದಿಟ್ಟಿತು. ಕನ್ನಡಿಗರಿಗೆ ಈ ಕಂಪನಿ ಹೊಸದಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಎಂದು ತಲೆಮಾರುಗಳಿಂದ ಹೆಸರಾದದ್ದು ಇದರ ಭಾರತದ ಶಾಖೆಯೇ. ಕನ್ನಡಿ, ಕಿಟಕಿಯಂಥ ಚಿಕ್ಕ ಕೆಲಸಗಳಿಗೆ ಕ್ಯಾನ್‌ಗಿಂತ ಅಗ್ಗದ ಲಿನ್ ಎಂಬ ಒಂಟಿ ತಂತಿಯ ಜಾಲ ಬಂದಿದೆ. ಅದರ ವೇಗ ಸೆಕೆಂಡಿಗೆ 20 ಕಿಲೋಬಿಟ್ ದಾಟುವುದಿಲ್ಲ, ಕನ್ನಡಿ ತಿರುಗಿಸಲು ಅಷ್ಟು ಧಾರಾಳ.

ಇಂಥ ಕಾರುಗಳಲ್ಲಿ ಸ್ಕ್ಯಾನರ್ ಬೇಕು. ಆದರೆ ಹುಡುಕುವ ದಾರಿ ಹಳೆಯದೇ. ಸ್ಕ್ಯಾನರಿನ ಪರದೆಯಿಂದಲೇ ಕನ್ನಡಿಗೆ ಮೇಲೇಳು ಎಂದು ಆಜ್ಞೆ ಕೊಡುವ ಸೌಲಭ್ಯ ಹಲವು ಕಾರುಗಳಲ್ಲಿದೆ. ಆಜ್ಞೆಗೆ ಕನ್ನಡಿ ಓಡಿದರೆ ಮೋಟಾರು, ಬಾಗಿಲಿನ ಘಟಕ, ಜಾಲ ಮೂರೂ ಸರಿ, ದೋಷ ಸ್ವಿಚ್ಚಿನ ಬಳಿ. ಓಡದಿದ್ದರೆ ಸ್ವಿಚ್ಚನ್ನು ಒತ್ತಿ, ಆ ಒತ್ತು ಪರದೆಯಲ್ಲಿ ಕಾಣುತ್ತದೆಯೇ ಎಂದು ನೋಡಬೇಕು. ಕಂಡರೆ ಸ್ವಿಚ್ಚು ನಿರ್ದೋಷಿ. ಲಿನ್ ತಂತಿ ಎಲ್ಲಾದರೂ ಕಾರಿನ ಲೋಹದ ಮೈಗೆ ತಾಗಿ ಶಾರ್ಟ್ ಆಗಿದ್ದರೆ ಅದರಲ್ಲಿ ಸೊನ್ನೆ ವೋಲ್ಟ್ ಕಾಣುತ್ತದೆ, ಆ ತಂತಿಯನ್ನು ನಂಬಿದ ಎಲ್ಲ ಉಪಕರಣಗಳೂ ಒಟ್ಟಿಗೇ ಮೌನವಾಗುತ್ತವೆ. ಒಂದು ಎಚ್ಚರಿಕೆಯನ್ನು ಮರೆಯಬಾರದು: ಹಳೆಯ ಕಾರಿನಲ್ಲಿ ಮೋಟಾರಿಗೆ ಸಣ್ಣ ಫ್ಯೂಸಿನ ಮೂಲಕ ಬ್ಯಾಟರಿಯಿಂದ ನೇರ ವಿದ್ಯುತ್ತು ಕೊಟ್ಟು ಪರೀಕ್ಷಿಸಬಹುದು. ಹೊಸ ಕಾರಿನ ಘಟಕದ ಪಿನ್ನುಗಳಿಗೆ ಹಾಗೆ ಕೊಟ್ಟರೆ ಘಟಕವೇ ಸುಟ್ಟುಹೋಗಬಹುದು. ವೈರಿಂಗ್ ನಕ್ಷೆ ನೋಡದೆ ಅಲ್ಲಿಗೆ ಕೈಹಾಕಬಾರದು.

ಕಾರಿನೊಳಗಿನ ಕನ್ನಡಿಯಲ್ಲೂ ಈಗ ವಿದ್ಯುತ್ತು ಸೇರಿಕೊಂಡಿದೆ. ಹಿಂದಿನ ವಾಹನದ ಬೆಳಕು ಕಣ್ಣು ಕುಕ್ಕದಂತೆ ತಾನೇ ಮಂಕಾಗುವ ಎಲೆಕ್ಟ್ರೋಕ್ರೋಮಿಕ್ ಕನ್ನಡಿಯನ್ನು ಅಮೆರಿಕದ ಮಿಷಿಗನ್ ರಾಜ್ಯದ ಜೆಂಟೆಕ್ಸ್ ಕಂಪನಿ 1987ರಲ್ಲಿ ಮಾರುಕಟ್ಟೆಗೆ ತಂದಿತು. ಅದಕ್ಕೆ ಎರಡು ಬೆಳಕಿನ ಸೆನ್ಸರು: ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಮುಖ ಮಾಡಿರುತ್ತದೆ. ಮುಂದೆ ಕತ್ತಲೆ, ಹಿಂದೆ ಬೆಳಕು ಎಂದು ಗೊತ್ತಾದಾಗ ಮಾತ್ರ ಅದು ಮಂಕಾಗುತ್ತದೆ. ಪರೀಕ್ಷೆ ಸುಲಭ. ಕೀಲಿ ಆನ್ ಮಾಡಿ, ಮುಂದಿನ ಸೆನ್ಸರನ್ನು ಬಟ್ಟೆಯಿಂದ ಮುಚ್ಚಿ, ಹಿಂದಿನದಕ್ಕೆ ಟಾರ್ಚು ಬಿಟ್ಟರೆ ಕೆಲವೇ ಸೆಕೆಂಡಿನಲ್ಲಿ ಗಾಜು ಕಪ್ಪಗಾಗಬೇಕು. ರಿವರ್ಸ್ ಗೇರ್ ಹಾಕಿದರೆ ಮತ್ತೆ ತಿಳಿಯಾಗಬೇಕು. ರಿವರ್ಸ್ ಲೈಟಿನಿಂದ ಬರುವ ತಂತಿಯಲ್ಲಿ ಸದಾ ವಿದ್ಯುತ್ತು ಇದ್ದರೆ ಕನ್ನಡಿ ಎಂದೂ ಮಂಕಾಗುವುದಿಲ್ಲ. ವಿಂಡ್‌ಶೀಲ್ಡಿಗೆ ಅಂಟಿಸಿದ ಸ್ಟಿಕ್ಕರು ಸೆನ್ಸರನ್ನು ಮುಚ್ಚಿದ್ದರೂ ಅದರ ವರ್ತನೆ ಕೆಡುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಲು ಹೊರಟವರಿಗೆ ಎರಡು ಮಾತು. ಹಳದಿ ಕಪ್ಲರ್ ಅಥವಾ ಹಳದಿ ಹೊದಿಕೆಯ ತಂತಿ ಸಾಮಾನ್ಯವಾಗಿ ಏರ್‌ಬ್ಯಾಗಿನದು. ಬಾಗಿಲಲ್ಲಿರಲಿ, ಡ್ಯಾಶ್‌ಬೋರ್ಡಿನಲ್ಲಿರಲಿ, ಅದಕ್ಕೆ ಮೀಟರನ್ನೂ ಟೆಸ್ಟ್ ಲ್ಯಾಂಪನ್ನೂ ತಾಗಿಸಲೇಬಾರದು. ಡೋರ್ ಪ್ಯಾಡ್ ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ಕಳಚಿ ಕೆಲವು ನಿಮಿಷ ಕಾಯಬೇಕು, ವಿದ್ಯುತ್ತು ಬೇಕಾದ ಪರೀಕ್ಷೆಯ ಹೊತ್ತಿಗೆ ಮಾತ್ರ ಮತ್ತೆ ಜೋಡಿಸಬೇಕು.

ಐಟಿಐಗಳಲ್ಲಿ ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ತರಬೇತಿ ಪಡೆಯುವ ಹುಡುಗ ಹುಡುಗಿಯರಿಗೆ ಈ ಸರ್ಕ್ಯೂಟನ್ನು ಹಲಗೆಯ ಮೇಲೆ ಕಟ್ಟಿ ಕಲಿಸುವುದು ಕಷ್ಟವೇನಲ್ಲ. ಗುಜರಿಯಿಂದ ತಂದ ಒಂದು ಮಿರರ್, ಒಂದು ಸ್ವಿಚ್ಚು, 12 ವೋಲ್ಟಿನ ಬ್ಯಾಟರಿ, ಒಂದು ಫ್ಯೂಸ್ ಇದ್ದರೆ ಸಾಕು. ಕಾಮನ್ ತಂತಿ ಕಳಚಿ ಏನಾಗುತ್ತದೆ ನೋಡಿ, ಅರ್ತ್‌ನಲ್ಲಿ ಒಂದು ರೆಸಿಸ್ಟರ್ ಸೇರಿಸಿ ಎಷ್ಟು ವೋಲ್ಟ್ ಬಿತ್ತು ಅಳೆಯಿರಿ ಎಂದರೆ, ದೋಷಕ್ಕೂ ಲಕ್ಷಣಕ್ಕೂ ಇರುವ ನಂಟನ್ನು ಅವರು ಕೈಯಾರೆ ಕಂಡುಕೊಳ್ಳುತ್ತಾರೆ. ಕಿಟಕಿ, ವೈಪರ್, ಸೀಟಿನ ಮೋಟಾರು, ಎಲ್ಲಕ್ಕೂ ಮುಂದೆ ಅದೇ ವಿದ್ಯೆ ನೆರವಿಗೆ ಬರುತ್ತದೆ.

ಕಾರು ರಿಪೇರಿಯಾಗಿ ಕೈಗೆ ಬಂದಾಗ ಮಾಲೀಕರು ನೋಡಿಕೊಳ್ಳಬೇಕಾದದ್ದೂ ಇದೆ. ಎರಡೂ ಕನ್ನಡಿಗಳನ್ನು ನಾಲ್ಕು ನಾಲ್ಕು ದಿಕ್ಕಿಗೆ, ಒಟ್ಟು ಎಂಟು ಚಲನೆ, ಬಾಗಿಲು ತೆರೆದಿಟ್ಟು ಒಮ್ಮೆ, ಮುಚ್ಚಿ ಒಮ್ಮೆ ಓಡಿಸಬೇಕು. ಮಡಚುವುದನ್ನು, ಹೀಟರನ್ನು, ಕನ್ನಡಿಯ ಮೇಲಿನ ಇಂಡಿಕೇಟರನ್ನು ಪರೀಕ್ಷಿಸಬೇಕು. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು. ಯಾವ ತಂತಿ, ಎಲ್ಲಿ ತುಂಡಾಗಿತ್ತು, ರಿಪೇರಿಗೆ ಮುನ್ನ ಎಷ್ಟು ವೋಲ್ಟ್ ಇತ್ತು, ಆಮೇಲೆ ಎಷ್ಟು ಬಂತು ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಬೇಕು. ಅಳತೆ ಮಾಡಿ ಕೆಲಸ ಮಾಡಿದ ಎಲೆಕ್ಟ್ರಿಷಿಯನ್ನಿಗೆ ಆ ನಾಲ್ಕು ಸಾಲು ಬರೆಯಲು ಒಂದು ನಿಮಿಷವೂ ಬೇಕಾಗುವುದಿಲ್ಲ, ಮುಂದಿನ ಮಳೆಗಾಲದಲ್ಲಿ ಅದೇ ಬಾಗಿಲು ಬಿಚ್ಚುವವರಿಗೆ ಹುಡುಕಾಟ ಎಲ್ಲಿಂದ ಶುರುಮಾಡಬೇಕೆಂಬುದು ಅದರಿಂದಲೇ ತಿಳಿಯುತ್ತದೆ.